ಬಂಡೆಯಲ್ಲಿದ್ದ ಒರಳು

ಅವ್ವನ ಜೊತೆ ನಡೆಯಲು ಅವತ್ತು ನನಗೆ ನಾಚಿಕೆಯಾಗಿತ್ತು. ಇದನ್ನು ಬರೆಯುವುದಕ್ಕೆ ಈಗ ಅದಕ್ಕಿಂತ ಹೆಚ್ಚು ನಾಚಿಕೆ. ಆದರೂ ಬರೆದುಬಿಡುತ್ತೇನೆ.

ಗದಗದಿಂದ ಬಂದಿದ್ದ ಅವ್ವನನ್ನು ಕರೆದುಕೊಂಡು, ಅಮೆರಿಕದಲ್ಲಿ ನಾನಿರುವ ಫ್ಲೂಗರ್‌ವಿಲ್‌ನಿಂದ ನಸುಕಿನಲ್ಲೇ ಹೊರಟು, ಡೆಲ್ ರಿಯೋ ಎಂಬ ಊರು ದಾಟಿ, ಮರುಭೂಮಿಯ ನಡುವೆ ನೀಲಿಯಾಗಿ ಬಿದ್ದಿರುವ ಕೆರೆಯ ಹತ್ತಿರ ಹೋಗಿದ್ದೆ. ಅಲ್ಲಿ ಕಣಿವೆಗೆ ಇಳಿಯುವ ಕಾಲುದಾರಿಗಳಿವೆ. ಸಾವಿರಾರು ವರ್ಷಗಳ ಹಿಂದೆ ಜನ ಸಂಸಾರ ಮಾಡಿದ ಗುಹೆಗಳಿವೆ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಗುಂಪಿನಲ್ಲಿ ಹತ್ತು ಹನ್ನೆರಡು ಮಂದಿ, ಎಲ್ಲರೂ ಅಪರಿಚಿತರು. ಅವ್ವ ಇಳಕಲ್ ಸೀರೆಯ ಕೆಳಗೆ ನನ್ನ ಹಳೆಯ ಸ್ಪೋರ್ಟ್ಸ್ ಶೂ ತೊಟ್ಟು, ಪಾಪಾಸುಕಳ್ಳಿ ಕಂಡಲ್ಲೆಲ್ಲ ನಿಂತು ದೊಡ್ಡ ದನಿಯಲ್ಲಿ ನನ್ನನ್ನು ಕೂಗುತ್ತಿದ್ದಳು. ನಾನು ಓಗೊಡದೆ ಬಿರಬಿರನೆ ಮುಂದೆ ನಡೆದೆ.

ಗುಹೆಯ ಚಾವಣಿಗೆ ಹಳೆಯ ಒಲೆಗಳ ಮಸಿ ಇನ್ನೂ ಹಿಡಿದಿತ್ತು. ಏನನ್ನೂ ಮುಟ್ಟಬಾರದೆಂದು ಗೈಡ್ ಇಂಗ್ಲಿಷಿನಲ್ಲಿ ಹೇಳಿದಳು. ಅದನ್ನು ಅವ್ವನಿಗೆ ಹೇಳಬೇಕಾದವಳು ನಾನು, ಹೇಳಲಿಲ್ಲ. ಹೇಳಿದ್ದರೆ ನಾವಿಬ್ಬರೂ ಜೊತೆಯವರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತಲ್ಲ. ನೆಲದ ಬಂಡೆಯಲ್ಲಿ, ಕುಟ್ಟಿ ಕುಟ್ಟಿ ನುಣುಪಾದ ಒಂದು ಕುಳಿಯಿತ್ತು. ಅವ್ವ ಅದರ ಪಕ್ಕ ಕಾಲು ಮಡಚಿ ಕುಳಿತು ಒಳಗೆ ಕೈಯಾಡಿಸಿದಳು.

"ಒರಳ ಐತಿ ನೋಡವಾ ಇಲ್ಲಿ," ಎಂದಳು. ತವರುಮನೆಗೆ ಬಂದವಳಂತೆ ಮುಖ ಅರಳಿತ್ತು.

ಗೈಡ್ ಓಡಿಬಂದು ಏಳಲು ಹೇಳಿದಳು. ಅವ್ವನಿಗೆ ತಿಳಿಯಲಿಲ್ಲ. ಇವರ ಜೊತೆ ಬಂದವರು ಯಾರು ಎಂದು ಗೈಡ್ ನಮ್ಮೆಲ್ಲರನ್ನೂ ಕೇಳಿದಳು. ನಾನು ಗೋಡೆಯ ಮೇಲೆ ಆ ಕಾಲದವರು ಬಿಡಿಸಿದ್ದ ಕೆಂಪು ಚಿತ್ರಗಳನ್ನು ನೋಡುತ್ತ ನಿಂತೆ. ಕೊನೆಗೆ ಯಾರೋ ಒಬ್ಬ ಅಮೆರಿಕನ್ ಅಜ್ಜ ಕೈ ಹಿಡಿದು ಅವ್ವನನ್ನು ಎಬ್ಬಿಸಿದ.

ವಾಪಸು ಬರುವಾಗ ಕಾರಿನಲ್ಲಿ ಅವ್ವ ನನ್ನನ್ನು ಬೈಯಲಿಲ್ಲ. ಕಲ್ಲು ಅಷ್ಟು ಸವೆಯಬೇಕಾದರೆ ಎಷ್ಟು ತಲೆಮಾರಿನ ಹೆಂಗಸರು ಅಲ್ಲಿ ಕೂತು ಕುಟ್ಟಿರಬೇಕು ಎಂದಷ್ಟೇ ಹೇಳಿದಳು. ಅವಳಿಗೆ ಏನೂ ಗೊತ್ತಾಗಿಲ್ಲವೆಂದುಕೊಂಡು ನಾನು ನಿರಾಳವಾದೆ. ಆ ನಿರಾಳವನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಮುಂದೆ ನನ್ನ ಆಫೀಸಿನವರಿಬ್ಬರು ನಿಂತಿದ್ದರು. ಅವರನ್ನು ಕಂಡು ಅವ್ವ ಕಾರಿನ ಬಳಿಯೇ ನಿಂತುಬಿಟ್ಟಳು.

"ನೀ ಮುಂದ ನಡಿ," ಎಂದಳು ಮೆಲ್ಲಗೆ. "ಅಲ್ಲಿ ಮಂದಿ ಅದಾರ. ನಾ ಆಮ್ಯಾಲ ಬರ್ತೇನಿ."