ನಿಮ್ಮನ್ನು ಬಲ್ಲ ಇಬ್ಬರು

ರಾತ್ರಿ ಹನ್ನೊಂದೂವರೆ. ಬಾಗಿಲು ಅರ್ಧ ಎಳೆದ ಜೆರಾಕ್ಸ್ ಅಂಗಡಿಯೊಳಗಿಂದ ಕೀಲಿಮಣೆಯ ಸಣ್ಣ ಸದ್ದು ಕೇಳುತ್ತದೆ. ಅರ್ಜಿ ಹಾಕಲು ಇಂದೇ ಕೊನೆಯ ದಿನ; ಹನ್ನೆರಡು ಹೊಡೆದರೆ ಕಂಪ್ಯೂಟರ್ ಯಾರ ಮಾತೂ ಕೇಳುವುದಿಲ್ಲ. ಮೆಟ್ಟಿಲ ಕೆಳಗಿನ ಈ ಸಂದಿಯಲ್ಲಿ ಹತ್ತೊಂಬತ್ತು ವರ್ಷದಿಂದ ಊರವರ ಬಯೋಡೇಟಾ ಬರೆದುಕೊಟ್ಟವರು ಇವತ್ತು ತಮ್ಮದನ್ನೇ ಬರೆಯುತ್ತಿದ್ದಾರೆ.

ಎಲ್ಲರಿಗೂ ಅವರು 'ಬಯೋಡೇಟಾ ಅಕ್ಕ'. ವಯಸ್ಸು ಐವತ್ತೊಂದು. ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತದೆ. "ಎಲ್ರೂ ಮೊಬೈಲಲ್ಲೇ ಮಾಡ್ಕೋತಾರೆ ಅಕ್ಕ. ನಾವಿಬ್ರು ಮುಖ ಮುಖ ನೋಡ್ಕೊಂಡು ಕೂರ್ಬೇಕಾ?" ಎಂದಿದ್ದಾರೆ ಮಾಲೀಕರು. ದೊಡ್ಡಾಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಒಂದು ಜಾಗ ಖಾಲಿಯಿದೆ. ಅದು ಸಿಗದಿದ್ದರೆ ಬಾಡಿಗೆ ಕೋಣೆ ಬಿಟ್ಟು ಅಣ್ಣನ ಮನೆ ಸೇರಬೇಕು. "ಅತ್ತಿಗೆ ಒಳ್ಳೆಯವರೇ. ಆದ್ರೆ ಅಲ್ಲಿ ನಾನು ಎಲ್ಲಿ ಕೂತ್ರೂ ಯಾರದೋ ಜಾಗದಲ್ಲಿ ಕೂತ ಹಾಗೆ" ಎನ್ನುತ್ತಾರೆ ಅಕ್ಕ.

ಹಿಂದೆ ದಿನಕ್ಕೆ ಏಳೆಂಟು ಮಂದಿ ಬರುತ್ತಿದ್ದರು; ಈಗ ಒಬ್ಬಿಬ್ಬರು. ಬೇರೆ ಅಂಗಡಿಗಳಲ್ಲಿ ಹಳೆಯ ಫೈಲು ತೆರೆದು, ಹೆಸರು ಬದಲಿಸಿ, ಐದೇ ನಿಮಿಷದಲ್ಲಿ ಕೈತೊಳೆದುಕೊಳ್ಳುತ್ತಾರೆ. ಅಕ್ಕ ಒಬ್ಬೊಬ್ಬರನ್ನೂ ಸ್ಟೂಲಿನ ಮೇಲೆ ಕೂರಿಸಿ ಒಂದು ಗಂಟೆ ಬಾಯಿ ಬಿಡಿಸುತ್ತಾರೆ. ಒಂದೇ ಹಾಳೆ, ಈಚಿನ ಕೆಲಸ ಮೊದಲು, 'ಶ್ರಮಜೀವಿ' ಎಂಬಂಥ ತುತ್ತೂರಿ ಬೇಡ. "ಗಾಡಿ ಓಡಿಸ್ತಿದ್ದೆ ಅಂದ್ರೆ ಯಾರು ಕೇಳ್ತಾರೆ? ಆರು ವರ್ಷ ಒಂದು ಗೀರೂ ಬೀಳದ ಹಾಗೆ ಓಡಿಸಿದೆ ಅನ್ನಿ. ಗೀರು ಬಿದ್ದಿದ್ರೆ ಅದನ್ನೂ ಹೇಳ್ಬಿಡಿ. ಸುಳ್ಳು ಮಾತ್ರ ನನ್ನ ಕೈಲಿ ಟೈಪ್ ಆಗಲ್ಲ."

ಎರಡು ವರ್ಷದ ಹಿಂದೆ ಒಬ್ಬ ಹೆಂಗಸು ಬಂದು ಸ್ಟೂಲಿನ ತುದಿಯಲ್ಲಿ ಕುಳಿತಿದ್ದರು. ಹನ್ನೊಂದು ವರ್ಷದಿಂದ ಎಲ್ಲೂ ದುಡಿದವರಲ್ಲ.

"ಮನೇಲಿ ಏನ್ ಮಾಡ್ತಿದ್ರಿ?"

"ಏನಿಲ್ಲ ಅಕ್ಕ. ಅತ್ತೆ ಹಾಸಿಗೆ ಹಿಡಿದಿದ್ರು."

"ಯಾರು ನೋಡ್ಕೊಂಡ್ರು?"

"ಇನ್ಯಾರು? ನಾನೇ."

"ಬೆನ್ನು ಹುಣ್ಣಾಗಿತ್ತಾ?"

"ಅಯ್ಯೋ, ಒಂದು ದಿನಾನೂ ಇಲ್ಲ! ಎರಡೆರಡು ಗಂಟೆಗೆ ಮಗ್ಗುಲು ತಿರುಗಿಸ್ತಿದ್ದೆ, ರಾತ್ರೀನೂ."

"ಇದನ್ನ ಏನಿಲ್ಲ ಅಂತೀರಲ್ಲ!"

ಒಂದು ಹುಣ್ಣೂ ಆಗದಂತೆ ನೋಡಿಕೊಂಡರೆಂಬ ಆ ಒಂದು ಸಾಲು ಆಕೆಗೆ ವೃದ್ಧಾಶ್ರಮದಲ್ಲಿ ಕೆಲಸ ಕೊಡಿಸಿತು.

ಹಾಳೆಯ ಬುಡದಲ್ಲಿ ಒಂದು ಕಾಲಂ ಇರುತ್ತದೆ: ನಿಮ್ಮನ್ನು ಬಲ್ಲ ಇಬ್ಬರು, ಬಂಧುಗಳಲ್ಲದವರು. ಅಲ್ಲಿಗೆ ಬಂದಾಗ ಎಷ್ಟೋ ಜನ ತಲೆ ತಗ್ಗಿಸುತ್ತಾರೆ. ಅಂಥವರಿಗೆ ಅಕ್ಕ ತಮ್ಮದೇ ನಂಬರು ಹಾಕಿಕೊಡುತ್ತಾರೆ. ಇದುವರೆಗೆ ನಲವತ್ತೊಂದು ಜನಕ್ಕೆ ಹಾಗೆ ಮಾಡಿದ್ದಾರೆ. ಕಂಪನಿಯವರು ಫೋನ್ ಮಾಡಿದರೆ, "ಒಂದೇ ಗಂಟೆ ಮಾತಾಡಿದ್ದೀನಿ, ಅಷ್ಟರಲ್ಲಿ ತಿಳಿದದ್ದು ಹೇಳ್ತೀನಿ" ಎಂದೇ ಶುರು ಮಾಡುತ್ತಾರೆ.

ಈಗ ಅದೇ ಕಾಲಂ ಅವರ ಎದುರಿಗಿದೆ. ಮೊದಲ ಹೆಸರು ಮಾಲೀಕರದು. ಎರಡನೆಯದಕ್ಕೆ ಯಾರೂ ಹೊಳೆಯುವುದಿಲ್ಲ. ಪಕ್ಕದ ಕೋಣೆಯವರಿಗೆ ಇವರ ಬೀಗದ ಸದ್ದು ಗೊತ್ತು, ಮುಖ ಗೊತ್ತಿಲ್ಲ. ಜೊತೆಗೆ ಓದಿದವರ ನಂಬರುಗಳು ಎಂದೋ ಬದಲಾಗಿವೆ. ಹನ್ನೆರಡಕ್ಕೆ ಆರು ನಿಮಿಷವಿದೆ ಎನ್ನುವಾಗ ವೃದ್ಧಾಶ್ರಮದ ಆ ಹೆಂಗಸಿನ ಹೆಸರು ಹಾಕುತ್ತಾರೆ. 'ಎಷ್ಟು ಕಾಲದಿಂದ ಬಲ್ಲರು?' ಬೆರಳು ಒಂದು ಗಳಿಗೆ ತಡೆಯುತ್ತದೆ. 'ಎರಡು ವರ್ಷ.' "ಎರಡು ವರ್ಷ ಆಗಿದ್ದೇನೋ ನಿಜ ತಾನೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಒಂಬತ್ತನೆಯ ದಿನ ಸಂದರ್ಶನ. ಅಧಿಕಾರಿ ಹಾಳೆಯ ಬುಡಕ್ಕೆ ಬೆರಳಿಡುತ್ತಾರೆ. "ಎರಡು ವರ್ಷ ಅಂತ ಬರ್ದಿದ್ದೀರಿ. ಅವರು ಒಂದೇ ಗಂಟೆ ಗೊತ್ತು ಅಂದ್ರಲ್ಲ?"

ಸಾವಿರಾರು ಜನರ ಬಾಯಿ ಬಿಡಿಸಿದ ಅಕ್ಕ ತಾವೇ ಟೈಪ್ ಮಾಡಿದ ಆ ಸಾಲನ್ನು ಮತ್ತೊಮ್ಮೆ ಓದುತ್ತಾರೆ.

"ಆ ಕೌಂಟರಲ್ಲಿ ಕೂರೋರು ಬರೆಯೋ ಒಂದೊಂದು ಅಂಕಿನೂ ಸರಿ ಇರ್ಬೇಕಮ್ಮ" ಎನ್ನುತ್ತಾರೆ ಅಧಿಕಾರಿ, ದನಿ ಏರಿಸದೆ. ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ.

ಸಂಜೆ ಆ ಹೆಂಗಸಿನ ಫೋನು. "ಅಕ್ಕ, ಮೊನ್ನೆ ಆಸ್ಪತ್ರೆಯೋರು ನಂಗೆ ಫೋನ್ ಮಾಡಿದ್ರು! ನಿಮಗೆ ಹೇಳೋಕೆ ಇವತ್ತೇ ಬಿಡುವಾಗಿದ್ದು. ಹೋಗಿ ಹೋಗಿ ನನ್ನಂಥೋಳ ಹೆಸರು ಹಾಕಿದ್ದೀರಲ್ಲ, ಬೇರೆ ಯಾರೂ ಸಿಗ್ಲಿಲ್ವಾ?" ಎಂದು ನಗುತ್ತಾರೆ.

"ಏನಂದ್ರಿ ಅವರಿಗೆ?"

"ಎಷ್ಟು ದಿನದಿಂದ ಗೊತ್ತು ಅಂದ್ರು. ಒಂದು ಗಂಟೆ ಅಂದೆ. ಸುಳ್ಳು ಬೇಡ ಅಂತ ನೀವೇ ತಾನೆ ಹೇಳಿದ್ದು? ಆದ್ರೆ ಆ ಒಂದು ಗಂಟೇಲಿ ಅಕ್ಕ ನನ್ನ ಕೇಳಿದಷ್ಟು ನಮ್ಮ ಮನೆಯೋರು ಹನ್ನೊಂದು ವರ್ಷದಲ್ಲಿ ಕೇಳಿಲ್ಲ, ಅಂತಾನೂ ಅಂದೆ. ಸರಿ ಹೇಳಿದ್ನಾ?"

"ಸರಿಯಾಗೇ ಹೇಳಿದ್ದೀರ."

"ಹಾಗಾದ್ರೆ ಕೆಲಸ ಸಿಕ್ತಾ?"

"ಇಲ್ಲಮ್ಮ. ಐವತ್ತು ದಾಟಿದೋರನ್ನ ಯಾರು ತಗೋತಾರೆ?"

ಫೋನ್ ಇಟ್ಟು, ಅರ್ಜಿಯ ಪ್ರತಿಯನ್ನು ನಾಲ್ಕಾಗಿ ಮಡಚಿ ಚೀಲದ ತಳಕ್ಕೆ ತಳ್ಳುತ್ತಾರೆ. ತಿಂಗಳು ಮುಗಿಯಲು ಇನ್ನು ಆರು ದಿನ. ಅಣ್ಣ ಕೇಳಿದರೂ ವಯಸ್ಸೇ ನೆಪ, ಮಾಲೀಕರು ಕೇಳಿದರೂ ಅದೇ. ತನ್ನ ಮಾತಿನಿಂದ ಅಕ್ಕನ ಕೆಲಸ ತಪ್ಪಿತೆಂದು ತಿಳಿದರೆ ಆ ಹೆಂಗಸು ಇನ್ನು ಮುಂದೆ ನಿಜ ಹೇಳಲು ಅಂಜುತ್ತಾರೆ. ಹಾಗಾಗುವುದು ಬೇಡ. ಸಂದರ್ಶನದ ಕೋಣೆಯಲ್ಲಿ ನಡೆದದ್ದನ್ನು ಯಾರ ಮುಂದೆಯೂ ಆಡುವುದಿಲ್ಲ ಎಂದು ತೀರ್ಮಾನಿಸಿ, ಅಕ್ಕ ಬಾಗಿಲ ಬಳಿ ಕಾಯುತ್ತಿದ್ದವರನ್ನು ಒಳಗೆ ಕರೆಯುತ್ತಾರೆ.