ಡಿನ್ನರಿಗೆ ಬರ್ತೀನಿ ಅಂದವನು

ಅಲಬಾಮದ ದಕ್ಷಿಣದ ತುದಿಯಲ್ಲಿ, ಕಡಲೆಕಾಯಿ ಹೊಲಗಳ ನಡುವೆ, ವರ್ಡೆಲ್ ಹಟ್ಟೋ ಮೂವತ್ತೊಂದು ವರ್ಷದಿಂದ ಹೋಟೆಲು ನಡೆಸುತ್ತಿದ್ದಳು. ಹನ್ನೊಂದಕ್ಕೆ ಬಾಗಿಲು ತೆಗೆದರೆ ಎರಡಕ್ಕೆಲ್ಲ ಮುಚ್ಚಿಯಾಯಿತು. ತಟ್ಟೆಗೆ ಒಂದು ಮಾಂಸ, ಮೂರು ಪಲ್ಯ. ಮ್ಯಾಕರೋನಿಯೂ ಅಲ್ಲಿ ಪಲ್ಯವೇ. ಅದು ಹೇಗೆ ಎಂದು ಕೇಳಿದವರಿಗೆ ವರ್ಡೆಲ್ ಸೌಟು ತೋರಿಸುತ್ತಿದ್ದಳು. ಏನು ಕೈಗುಣ ಅಂತೀರಿ! ಅವಳ ಕರಿದ ಕೋಳಿ ತಿಂದವರಿಗೆ ಮೂಳೆ ಬಿಟ್ಟು ಏಳಲೂ ಮನಸ್ಸು ಬರುತ್ತಿರಲಿಲ್ಲ.

ಆದರೆ ಹೆದ್ದಾರಿ ಊರಾಚೆ ಸರಿದದ್ದೇ ಸರಿದದ್ದು, ದಾರಿಹೋಕರು ಬರುವುದು ನಿಂತುಹೋಯಿತು. ಉಳಿದವರು ಊರಿನ ಹತ್ತೆಂಟು ಮಂದಿ. "ಈ ತಿಂಗಳು ನೋಡ್ತೀನಿ. ಜನ ಬರ್ಲಿಲ್ಲ ಅಂದ್ರೆ ಬೀಗ ಹಾಕಿ ಶಾಲೆ ಅಡಿಗೆಮನೆಗೆ ಸೇರ್ಕೋತೀನಿ, ಅವ್ರಿಗೂ ಹೇಳಿಟ್ಟಿದೀನಿ," ಎಂದು ಅವಳು ಅಂಚೆಯ ಹಾಯ್ಟ್‌ಗೆ ಹೇಳಿದ್ದಳು. ಆ ಅಡಿಗೆಮನೆಯಲ್ಲಿ ಪೊಟ್ಟಣ ಕತ್ತರಿಸಿ ಬಿಸಿ ಮಾಡುವುದೇ ಅಡಿಗೆ.

ಅಷ್ಟರಲ್ಲಿ ಅಟ್ಲಾಂಟಾದ ಪತ್ರಿಕೆಯೊಂದರಿಂದ ಫೋನು ಬಂತು. ಹಳ್ಳಿ ಹೋಟೆಲುಗಳನ್ನು ಹುಡುಕಿ, ಅಲ್ಲಿ ತಿಂದು, ಬರೆಯುವ ಪ್ರೆಸ್ಕಾಟ್ ಎಂಬವನು. "ಗುರುವಾರ ಡಿನ್ನರಿಗೆ ಬರ್ತೀನಿ ಮೇಡಂ," ಎಂದ. ಅವನು ಬರೆದರೆ ಜನ ಕಾರು ಹತ್ತಿ ಬರುತ್ತಾರಂತೆ. ವರ್ಡೆಲ್ ಅಷ್ಟೊಂದು ಜೋರಾಗಿ "ಬನ್ನಿ" ಅಂದದ್ದಕ್ಕೆ ಅವನ ಕಿವಿ ಗುಂಯ್‌ಗುಟ್ಟಿರಬೇಕು.

ಗುರುವಾರ ಕೋಳಿ ಕೂಗುವ ಮೊದಲೇ ಒಲೆ ಹೊತ್ತಿತು. ಕರಿದ ಕೋಳಿ, ಬೆಂಡೆಕಾಯಿ, ಡಬಲ್ ಬೀನ್ಸು, ಸೊಪ್ಪು, ಪೀಚ್ ಹಣ್ಣಿನ ಸಿಹಿ. ಕಿಟಕಿಯ ಮೇಜಿಗೆ ಹೊಸ ಬಟ್ಟೆ. ಹಾಯ್ಟ್ ಗಡ್ಡ ಬೋಳಿಸಿಕೊಂಡು ಬಂದು ಕೂತ. ಹನ್ನೆರಡಾಯಿತು, ಒಂದಾಯಿತು. ಕಿಟಕಿಯ ಮೇಜು ಖಾಲಿ. ಎರಡು ಹೊಡೆಯಿತು.

"ಪಟ್ಟಣದೋರ ಮಾತು ನಂಬಿ ಕೆಟ್ಟೆ! ಎತ್ತಿಟ್ಟಿದ್ದನ್ನೆಲ್ಲ ಬಳ್ಕೊಂಡು ತಿನ್ರೋ!" ಎಂದು ವರ್ಡೆಲ್ ಪಾತ್ರೆಗಳನ್ನು ಊರವರ ಮೇಜಿನ ಮೇಲೆ ಕುಕ್ಕಿದಳು.

"ಬೇಕಾದ್ರೆ ನಾನೇ ಬರೀತೀನಿ ಮಿಸ್ ವರ್ಡೆಲ್. ಕಾಗುಣಿತ ಒಂದು ಬರಲ್ಲ ಅಷ್ಟೆ," ಎಂದ ಹಾಯ್ಟ್, ಎರಡನೆಯ ತಟ್ಟೆ ಸಿಹಿ ಮುಗಿಸುತ್ತಾ. ಅವಳಿಗೆ ನಗು ಬರಲಿಲ್ಲ. ಬಾಗಿಲು ಹಾಕಿಕೊಂಡು ಕಣ್ಣು ಒರೆಸಿಕೊಂಡಳು.

ಸಂಜೆ ಆರೂವರೆಗೆ, ಹೋಟೆಲಿನ ಹಿಂದಿನ ಮನೆಯಲ್ಲಿ ಅವಳು ಉಣ್ಣಲು ಕೂತಿದ್ದಾಗ ಬಾಗಿಲು ಬಡಿದ ಸದ್ದು. ಟೈ ಕಟ್ಟಿದ ತೆಳ್ಳನೆಯ ಮನುಷ್ಯ.

"ಪ್ರೆಸ್ಕಾಟ್ ಅಂತ. ಡಿನ್ನರಿಗೆ ಬಂದೆ. ಹೋಟೆಲು ಮುಚ್ಚಿದೆಯಲ್ಲ ಮೇಡಂ?"

"ಡಿನ್ನರು ಮಧ್ಯಾಹ್ನಾನೇ ಆಗ್ಹೋಯ್ತಲ್ಲೋ ಪುಣ್ಯಾತ್ಮ! ಈಗ ಸಪ್ಪರ್ ಹೊತ್ತು!"

ಆ ಸೀಮೆಯಲ್ಲಿ ತಾತನ ಕಾಲದಿಂದಲೂ ಡಿನ್ನರ್ ಎಂದರೆ ಮಧ್ಯಾಹ್ನದ ಊಟ, ಸಂಜೆಯದು ಸಪ್ಪರ್. ಅಟ್ಲಾಂಟಾದವರು ಅದನ್ನು ಮರೆತು ಯಾವ ಕಾಲವಾಯಿತೋ! ಪ್ರೆಸ್ಕಾಟ್ ಹಣೆ ಚಚ್ಚಿಕೊಂಡ. "ನಮ್ಮಜ್ಜಿನೂ ಹಾಗೇ ಅಂತಿದ್ರು. ನನ್ ಬುದ್ಧಿಗಿಷ್ಟು! ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಕೊಂಡು ಬಂದಿದೀನಿ."

ಹಸಿದವನನ್ನು ಬಾಗಿಲಲ್ಲಿ ನಿಲ್ಲಿಸುವುದುಂಟೇ? ಒಳಗೆ ಕೂರಿಸಿದಳು. ಕೋಳಿಯೆಲ್ಲ ಊರವರ ಹೊಟ್ಟೆ ಸೇರಿತ್ತು. ಮನೆಯಲ್ಲಿದ್ದದ್ದು ಅವಳದೇ ಊಟ: ಉಳಿದ ಮೆಕ್ಕೆಜೋಳದ ರೊಟ್ಟಿಯನ್ನು ದೊಡ್ಡ ಲೋಟಕ್ಕೆ ಪುಡಿ ಮಾಡಿ, ಮೇಲೆ ತಣ್ಣನೆಯ ಮಜ್ಜಿಗೆ ಸುರಿದು, ನಂಚಿಕೊಳ್ಳಲು ಹಸಿ ಈರುಳ್ಳಿ. ನಾಚಿಕೆಯಿಂದ ಕುಗ್ಗಿ ಇನ್ನೊಂದು ಲೋಟ ತುಂಬಿಸಿಕೊಟ್ಟಳು. ಅವನು ಚಮಚ ಹಾಕಿದವನು ತಲೆ ಎತ್ತಲಿಲ್ಲ. ಎರಡನೆಯ ಲೋಟಕ್ಕೆ ಟೈ ಬಿಚ್ಚಿದ.

"ಕೋಳಿ ಬಗ್ಗೆ ಒಂದೆರಡು ಸಾಲು ಬರೀರಪ್ಪ," ಎಂದಳು ವರ್ಡೆಲ್.

"ತಿನ್ನದೇ ಇರೋದನ್ನ ನಾನು ಬರಿಯಲ್ಲ. ಬರೆದ್ರೆ ಇದೇ. ಬೇಡ ಅಂದ್ರೆ ಏನೂ ಬರಿಯಲ್ಲ."

ಅಯ್ಯೋ! ಬರೆಸಿದರೆ ಮನೆಗೆ ಬಂದವನಿಗೆ ತಂಗಳು ಇಕ್ಕಿದಳೆಂದು ಊರೆಲ್ಲ ಆಡಿಕೊಳ್ಳುತ್ತದೆ. ಬರೆಸದಿದ್ದರೆ ಪೊಟ್ಟಣ ಕತ್ತರಿಸುವ ಕೆಲಸ. ವರ್ಡೆಲ್ ಸೆರಗಿಲ್ಲದವಳು, ಏಪ್ರನ್ನಿನ ತುದಿಯನ್ನೇ ಹಿಂಡಿದಳು. ಕೊನೆಗೆ ಗದರಿಸುವಂತೆ ಹೇಳಿದಳು: "ಬರ್ಕೊಳಿ. ಆದ್ರೆ ಪಟ್ಟಣದೋರ ಥರ ರೊಟ್ಟಿಗೆ ಸಕ್ಕರೆ ಹಾಕಲ್ಲ ಅಂತ ದಪ್ಪಕ್ಷರದಲ್ಲಿ ಬರೀಬೇಕು. ನನ್ನ ಮಾನ ಒಂದಾದ್ರೂ ಉಳೀಲಿ!"

ಭಾನುವಾರ ಪತ್ರಿಕೆ ಬಂತು. ಮಂಗಳವಾರ ಹನ್ನೊಂದಕ್ಕೆ ಬಾಗಿಲು ತೆಗೆದರೆ ಮೆಟ್ಟಿಲ ತನಕ ಜನ. ಮೊದಲು ಒಳಗೆ ಬಂದ ಮುದುಕಿ ನಾಲ್ಕು ಗಂಟೆ ದಾರಿ ಕಾರಿನಲ್ಲಿ ಬಂದಿದ್ದಳು. ಕೋಳಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಅದು ಕೊಡ್ತೀಯೇನಮ್ಮಾ? ಲೋಟದಲ್ಲಿ? ನಮ್ಮಮ್ಮ ಮಾಡ್ಕೊಡ್ತಿದ್ಲು. ಅವಳು ಹೋದ್ಮೇಲೆ ಹೋಟ್ಲಲ್ಲಿ ಕೇಳಕ್ಕೆ ನಾಚಿಕೆಯಾಗಿ ಸುಮ್ನಿದ್ದೆ," ಎಂದಳು. ಮೊದಲ ಚಮಚಕ್ಕೇ ಅವಳ ಕಣ್ಣು ತುಂಬಿತು, ಆಮೇಲೆ ನಕ್ಕಳು. ಹಿಂದಿದ್ದವರೂ ಲೋಟವೇ ಬೇಕೆಂದರು. ಹಾಯ್ಟ್ ಅಂಚೆಚೀಲ ಮೂಲೆಗೆಸೆದು ಈರುಳ್ಳಿ ಹೆಚ್ಚಲು ನಿಂತ.

ಆಗಲೇ ಫೋನು. ಶಾಲೆಯವರು: ಯಾವಾಗ ಬರ್ತೀರಿ?

ವರ್ಡೆಲ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಜ್ಜಿಗೆ ಸುರಿಯುತ್ತಿದ್ದಳು. "ಬರೋಕಾಗಲ್ಲ ಕಣಮ್ಮಾ," ಎಂದಳು, "ನಮ್ಮನೇಲಿ ಜನ ಇದಾರೆ."