ಕಾಲು ನೋಡುವ ಮುದ್ದಯ್ಯ

ಉತ್ತಮಪಾಳಯದ ಆಸ್ಪತ್ರೆಯಲ್ಲಿ ಮದ್ದು ಕಲಸುವ ಮುದ್ದಯ್ಯ ಯಾವ ಬಸುರಿಯ ಮುಖವನ್ನೂ ಮೊದಲು ನೋಡಿದವನಲ್ಲ. ಅವನ ಕಣ್ಣು ನೇರ ಅವಳ ಪಾದಕ್ಕೇ ಇಳಿಯುತ್ತದೆ. ನಾಟಿಯ ಗದ್ದೆಯಾಗಲಿ, ಮದುವೆಯ ಪಂಕ್ತಿಯಾಗಲಿ, "ಕಾಲು ಕಾಮ್ಸು ತಾಯೀ, ಊದೈತಾ? ತಲೆ ನೋಯ್ತದಾ? ಕಣ್ಣು ಮಂಜಾಗ್ತದಾ? ಚೊಚ್ಚಲ ಬಸುರಾ?" ಎಂದು ಶುರುಮಾಡುತ್ತಾನೆ. ಒತ್ತಿದ ಕಡೆ ಗುಳಿ ಬಿತ್ತೋ, ಅವಳ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿ, ಅದು ಹಾಲಿನಂತೆ ಒಡೆಯುತ್ತದೆಯೇ ಎಂದು ನೋಡದೆ ಊಟಕ್ಕೆ ಕೂರುವವನಲ್ಲ. ಒಡೆದರೆ ತಾನೇ ಗಾಡಿ ಕಟ್ಟಿಸಿ ದಿಂಡಿಗಲ್ಲಿನ ದೊಡ್ಡಾಸ್ಪತ್ರೆಯ ಡಾಕ್ಟರ ಬಳಿಗೆ ಹೊರಡಿಸುತ್ತಾನೆ. "ಉಚ್ಚೆ ಕಾಸೋ ಮಾಮ ಬಂದ್ರು, ಕಾಲು ಮುಚ್ಕೊಳ್ರಮ್ಮಾ" ಎಂದು ಹೆಂಗಸರು ನಗುತ್ತಾರೆ. ಸೂತಕದ ಮನೆಗೂ ಹೋಗಿ, ಸತ್ತ ಬಾಣಂತಿಯ ತಾಯಿಯನ್ನು "ನಿಮ್ಗೂ ಬಸುರಲ್ಲಿ ಹಿಂಗೇ ಕಾಲು ಊದಿತ್ತಾ ಅಕ್ಕಾ?" ಎಂದು ಕೇಳಿ ಬೈಸಿಕೊಂಡು ಬರುತ್ತಾನೆ. ಅವನಿಗೆ ಸಿಟ್ಟಿಲ್ಲ. ವರ್ಷಗಳ ಹಿಂದೆ ಮಗಳು ಅಳಗಮ್ಮಾಳ್ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಅವನಿಗೆ ಇದ್ಯಾವುದೂ ತಿಳಿದಿರಲಿಲ್ಲ. ಸೆಳವು ಬಂದು ತಾಯಿಯೂ ಕೂಸೂ ಹೋದಮೇಲೆ, ಕಾಲಿನ ಊತವೇ ಮುನ್ಸೂಚನೆಯಾಗಿತ್ತೆಂದು ಡಾಕ್ಟರು ಹೇಳಿದರು. ಸೆಳವು ಬರುವ ಸ್ವಲ್ಪ ದಿನ ಮೊದಲು, "ಅಪ್ಪಾ, ಕಾಲುಕಡಗ ಕಚ್ತದೆ" ಎಂದು ಅವಳು ಬಿಚ್ಚಿ ಕೊಟ್ಟಿದ್ದಳು. ಗಂಡನ ಮನೆಯ ಊಟಕ್ಕೆ ಮಗಳು ಮೈದುಂಬಿಕೊಂಡಿದ್ದಾಳೆಂದು ಹಿಗ್ಗಿ, ಅವನು ಅಕ್ಕಸಾಲಿಗನ ಬಳಿ ಕೂತು ಕಡಗವನ್ನು ಅಗಲ ಮಾಡಿಸಿಕೊಂಡು ಬಂದು, ಕೈಯಾರೆ ಅವಳಿಗೆ ತೊಡಿಸಿದ್ದ.